ಬೇರೆಯವರ ಜಗಳದಲ್ಲಿ ಬಂದ ದುಡ್ಡು: ಇಂಗ್ಲೆಂಡಿನ ರಗ್ಬಿ ಲೀಗ್ ಮತ್ತು ಸ್ಕೈ ಟೀವಿ ಕರಾರು

ಮೊದಲು ಎರಡು ಲೆಕ್ಕ ನೋಡಿ. 1995ರಲ್ಲಿ ಇಂಗ್ಲೆಂಡಿನ ರಗ್ಬಿ ಲೀಗ್ ಪಂದ್ಯಗಳನ್ನು ತೋರಿಸುವ ಹಕ್ಕಿಗೆ ಸ್ಕೈ ಟೀವಿಯವರು ಐದು ವರ್ಷಕ್ಕೆ 8.7 ಕೋಟಿ ಪೌಂಡ್ ಕೊಡಲು ಒಪ್ಪಿದರು. ಅಂದರೆ ವರ್ಷಕ್ಕೆ 1.74 ಕೋಟಿ. 2024ರಿಂದ ಮೂರು ವರ್ಷದ ಈಗಿನ ಕರಾರಿನಲ್ಲಿ ಅದೇ ಸ್ಕೈ ಕೊಡುತ್ತಿರುವುದು, ಪತ್ರಿಕೆಗಳ ವರದಿ ಪ್ರಕಾರ, ವರ್ಷಕ್ಕೆ ಸುಮಾರು 2.15 ಕೋಟಿ. ಮೇಲ್ನೋಟಕ್ಕೆ ಜಾಸ್ತಿ ಆದ ಹಾಗೆ ಕಾಣುತ್ತದೆ ಅಲ್ವಾ? ಆದರೆ ಈ 29 ವರ್ಷದಲ್ಲಿ ಇಂಗ್ಲೆಂಡಿನಲ್ಲಿ ಸಾಮಾನುಗಳ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ. ಆ ಲೆಕ್ಕ ಹಿಡಿದರೆ ಇವತ್ತು ವರ್ಷಕ್ಕೆ ಮೂರು ಕೋಟಿಗೂ ಮೇಲೆ ಬರಬೇಕಿತ್ತು. ಇನ್ನೊಂದು ವಿಷಯ: ಆಗ ಸ್ಕೈ ವಾರಕ್ಕೆ ಕೆಲವೇ ಪಂದ್ಯ ತೋರಿಸುತ್ತಿತ್ತು, ಈಗ ಲೀಗಿನ ಪ್ರತಿಯೊಂದು ಪಂದ್ಯವನ್ನೂ ತೋರಿಸುತ್ತದೆ. ಜಾಸ್ತಿ ಮಾಲು ಕೊಟ್ಟು ಕಡಿಮೆ ದುಡ್ಡು ತೆಗೆದುಕೊಂಡಂತಾಯಿತು. (1995ರ ದುಡ್ಡಿನಲ್ಲಿ ಕೆಳಗಿನ ದರ್ಜೆಯ ಕ್ಲಬ್‌ಗಳ ಪಾಲೂ ಇತ್ತು, ಹಾಗಾಗಿ ಹೋಲಿಕೆ ಪೂರ್ತಿ ಸರಿಸಮ ಅಲ್ಲ. ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.)

ಇದನ್ನು ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು, ಆಟ ಸೊರಗಿದೆ, ಜನ ನೋಡುತ್ತಿಲ್ಲ, ಅದಕ್ಕೇ ಬೆಲೆ ಬಿದ್ದಿದೆ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಈ ಮೂವತ್ತು ವರ್ಷದಲ್ಲಿ ದೊಡ್ಡ ಮೊತ್ತ ಬಂದ ಎರಡೂ ಸಲ ಅದು ಬಂದದ್ದು ಆಟದ ಗುಣಕ್ಕಲ್ಲ, ಎರಡು ಟೀವಿ ಕಂಪನಿಗಳು ಬೇರೆಲ್ಲೋ ಹೊಡೆದಾಡುತ್ತಿದ್ದವು ಎಂಬ ಕಾರಣಕ್ಕೆ. ಆ ಕಂಪನಿಗಳು ರಾಜಿ ಆದಾಗಲೆಲ್ಲ ದುಡ್ಡು ಇಳಿದಿದೆ. ಆಟಗಾರರು ಅದೇ ರೀತಿ ಓಡುತ್ತಿದ್ದರು, ಅದೇ ರೀತಿ ಟ್ಯಾಕಲ್ ಮಾಡುತ್ತಿದ್ದರು.

ಆಟ ಎಲ್ಲಿಯದು, ಯಾರದು

ರಗ್ಬಿಯಲ್ಲಿ ಎರಡು ಬಗೆ ಇದೆ. 15 ಜನ ಆಡುವುದು ರಗ್ಬಿ ಯೂನಿಯನ್, 13 ಜನ ಆಡುವುದು ರಗ್ಬಿ ಲೀಗ್. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಸೇರಿ ಮೂಲ ಸಂಸ್ಥೆಯಿಂದ ಹೊರಬಂದವು. ಕಾರಣ ದುಡ್ಡೇ. ಗಣಿಯಲ್ಲಿ, ಮಿಲ್ಲಿನಲ್ಲಿ ದುಡಿಯುವ ಆಟಗಾರ ಶನಿವಾರ ಆಡಲು ಬಂದರೆ ಅವನ ಅರ್ಧ ದಿನದ ಕೂಲಿ ಹೋಗುತ್ತಿತ್ತು, ಅದನ್ನು ಕ್ಲಬ್ ಕಟ್ಟಿಕೊಡಬೇಕು ಎಂಬುದು ಇವರ ವಾದ. ದಕ್ಷಿಣದ ದೊಡ್ಡ ಮನೆತನದ ಮಂದಿ ಒಪ್ಪಲಿಲ್ಲ. ಹಾಗೆ ಹುಟ್ಟಿದ ಆಟ ಇದು. ಇವತ್ತಿಗೂ ಇದರ ಬೇರು ಇರುವುದು ಲಂಕಾಶೈರ್, ಯಾರ್ಕ್‌ಶೈರ್, ಕಂಬ್ರಿಯಾದ ಊರುಗಳಲ್ಲಿ: ವಿಗನ್, ಸೇಂಟ್ ಹೆಲೆನ್ಸ್, ವಾರಿಂಗ್ಟನ್, ಲೀಡ್ಸ್, ಹಲ್, ಕ್ಯಾಸಲ್‌ಫರ್ಡ್. ಲಿವರ್‌ಪೂಲ್ ಕಡೆಯಿಂದ ಹಲ್ ಕಡೆಗೆ ಹೋಗುವ ಎಂ62 ಹೆದ್ದಾರಿ ಇದೆಯಲ್ಲ, ಅದರ ಆಚೀಚೆಯ ಪಟ್ಟಿಯಲ್ಲೇ ಮುಕ್ಕಾಲು ಪಾಲು ಕ್ಲಬ್‌ಗಳಿವೆ.

ಟೀವಿ ಕಂಪನಿಯ ಕಣ್ಣಿಗೆ ಇದೇ ಇದರ ಕೊರತೆ. ಲಂಡನ್ನಿನಲ್ಲಿ ಜನ ನೋಡುವುದಿಲ್ಲ, ಜಾಹೀರಾತು ಕೊಡುವವರು ಲಂಡನ್ನಿನಲ್ಲೇ ಕೂತಿರುತ್ತಾರೆ. ಆದರೆ ನೋಡುವವರು ಬಿಡದೆ ನೋಡುತ್ತಾರೆ, ತಂದೆ ಮಕ್ಕಳು ಮೊಮ್ಮಕ್ಕಳು ಒಂದೇ ಕ್ಲಬ್ಬಿಗೆ ಅಂಟಿಕೊಂಡಿರುತ್ತಾರೆ. ತಿಂಗಳ ಚಂದಾ ಕಟ್ಟಿಸಿಕೊಂಡು ಬದುಕುವ ಟೀವಿಗೆ ಇಂಥ ಜನ ಬೇಕೇ ಬೇಕು.

1995: ಆಸ್ಟ್ರೇಲಿಯಾದ ಜಗಳ ಇಂಗ್ಲೆಂಡಿಗೆ ಬಂದದ್ದು

ಕೆರಿ ಪ್ಯಾಕರ್ ಹೆಸರು ನಮ್ಮ ಕ್ರಿಕೆಟ್ ಪ್ರಿಯರಿಗೆ ಗೊತ್ತು. 1977ರಲ್ಲಿ ಟೀವಿ ಹಕ್ಕು ಸಿಗದ ಸಿಟ್ಟಿಗೆ ಲೋಕದ ದೊಡ್ಡ ಆಟಗಾರರನ್ನೆಲ್ಲ ಕೊಂಡುಕೊಂಡು ತನ್ನದೇ ಕ್ರಿಕೆಟ್ ಸರಣಿ ನಡೆಸಿದ ಮನುಷ್ಯ. 1995ರಲ್ಲಿ ಅದೇ ಪಟ್ಟನ್ನು ಅವನ ಮೇಲೆಯೇ ಪ್ರಯೋಗಿಸಿದವನು ಪತ್ರಿಕೆ, ಟೀವಿ ಕಂಪನಿಗಳ ಒಡೆಯ ರೂಪರ್ಟ್ ಮುರ್ಡೋಕ್. ಆಸ್ಟ್ರೇಲಿಯಾದಲ್ಲಿ ಆಗಷ್ಟೇ ಚಂದಾ ಟೀವಿ ಶುರುವಾಗುತ್ತಿತ್ತು. ಮುರ್ಡೋಕ್ ಪಾಲುದಾರಿಕೆಯ ಫಾಕ್ಸ್‌ಟೆಲ್ ಆ ವರ್ಷದ ಅಕ್ಟೋಬರಿನಲ್ಲಿ ಬರುವುದಿತ್ತು. ಜನ ಚಂದಾ ಕಟ್ಟಬೇಕಾದರೆ ಸಿಡ್ನಿ, ಬ್ರಿಸ್ಬೇನ್ ಜನರ ಪ್ರಾಣವಾದ ರಗ್ಬಿ ಲೀಗ್ ಬೇಕಿತ್ತು. ಆದರೆ ಅದರ ಹಕ್ಕು ಪ್ಯಾಕರ್ ಕೈಯಲ್ಲಿತ್ತು. ಹಕ್ಕು ಸಿಗದಿದ್ದರೆ ಆಟವನ್ನೇ ಕೊಂಡರಾಯಿತು ಎಂದು ಮುರ್ಡೋಕ್ ಅವರ ನ್ಯೂಸ್ ಕಂಪನಿ ಮಾರ್ಚ್ ಕೊನೆಯಲ್ಲಿ ಸುಮ್ನೆ ರಾತ್ರೋರಾತ್ರಿ ಆಟಗಾರರನ್ನು ಹೋಟೆಲು, ಕಚೇರಿಗಳಿಗೆ ಕರೆಸಿ ಅವರು ಕನಸಲ್ಲೂ ಕಾಣದ ಮೊತ್ತಕ್ಕೆ ಸಹಿ ಹಾಕಿಸಿಕೊಳ್ಳತೊಡಗಿತು. ಪ್ಯಾಕರ್ ಮತ್ತು ಅಲ್ಲಿನ ಮೂಲ ಸಂಸ್ಥೆ ಎಆರ್‌ಎಲ್ ಕೂಡ ಚೆಕ್ ಪುಸ್ತಕ ತೆಗೆದರು.

ಇದಕ್ಕೂ ಇಂಗ್ಲೆಂಡಿಗೂ ಏನು ಸಂಬಂಧ? ಎಆರ್‌ಎಲ್ ಅನ್ನು ಒಂಟಿ ಮಾಡಬೇಕಾದರೆ ಬೇರೆ ದೇಶದವರು ಅದರ ಜೊತೆ ಆಡಬಾರದು. ಅದಕ್ಕೆ ಇಂಗ್ಲೆಂಡಿನ ಸಂಸ್ಥೆ ಮುರ್ಡೋಕ್ ಕಡೆ ಬರಬೇಕಿತ್ತು. ಇಂಗ್ಲೆಂಡಿನ ಸ್ಕೈ ಟೀವಿಯ ಮುಖ್ಯ ಪಾಲುದಾರ ಅವರದ್ದೇ ಕಂಪನಿ. ಆಗ ಸ್ಕೈ ನಡೆಸುತ್ತಿದ್ದ ಸ್ಯಾಮ್ ಚಿಸಮ್ ಹಿಂದೆ ಪ್ಯಾಕರ್ ಅವರ ಚಾನೆಲ್ ನೈನ್ ನಡೆಸಿದವರು, ಎದುರಾಳಿಯ ಮನಸ್ಸು ಚೆನ್ನಾಗಿ ಬಲ್ಲವರು. ಇತ್ತ ಇಂಗ್ಲೆಂಡಿನ ರಗ್ಬಿ ಫುಟ್ಬಾಲ್ ಲೀಗ್ ಸಂಸ್ಥೆಯ ಮುಖ್ಯಸ್ಥ ಮಾರಿಸ್ ಲಿಂಡ್ಸೇ. ಅವರ ಕ್ಲಬ್‌ಗಳಲ್ಲಿ ಬಹುಪಾಲು ಸಾಲದಲ್ಲಿದ್ದವು. ಹಳೇ ಕ್ರೀಡಾಂಗಣಗಳಿಗೆ ಸುರಕ್ಷತೆಯ ಹೊಸ ಕಾನೂನು ಬಂದು ಖರ್ಚು ಏರಿತ್ತು. ಅಂಥ ಹೊತ್ತಿನಲ್ಲಿ ಯಾರೋ ಬಂದು ಕೋಟಿಗಟ್ಟಲೆ ಕೊಡುತ್ತೇನೆ ಎಂದರೆ ಯಾರು ಬೇಡ ಅನ್ನುತ್ತಾರೆ?

1995ರ ಏಪ್ರಿಲ್ 8ರಂದು ವಿಗನ್ ಕ್ಲಬ್ಬಿನ ಸೆಂಟ್ರಲ್ ಪಾರ್ಕ್‌ನಲ್ಲಿ ಕ್ಲಬ್‌ಗಳ ಸಭೆ ನಡೆದು ಕರಾರಿಗೆ ಒಪ್ಪಿಗೆ ಸಿಕ್ಕಿತು. ಆಸ್ಟ್ರೇಲಿಯಾದ ದಾಳಿ ಶುರುವಾಗಿ ಹೆಚ್ಚೆಂದರೆ ಹತ್ತು ದಿನ. ದುಡ್ಡಿನ ಜೊತೆ ಷರತ್ತುಗಳೂ ಇದ್ದವು. ನೂರು ವರ್ಷದಿಂದ ಚಳಿಗಾಲದಲ್ಲಿ ಆಡಿಕೊಂಡು ಬಂದ ಆಟ ಬೇಸಿಗೆಗೆ ಹೋಗಬೇಕು. ಪ್ಯಾರಿಸ್ಸಿನಲ್ಲೊಂದು ತಂಡ ಬೇಕು. ಮತ್ತೆ ಅಕ್ಕಪಕ್ಕದ ಊರಿನ ಕ್ಲಬ್‌ಗಳು ಒಂದಾಗಬೇಕು: ಕ್ಯಾಸಲ್‌ಫರ್ಡ್, ಫೆದರ್‌ಸ್ಟೋನ್, ವೇಕ್‌ಫೀಲ್ಡ್ ಸೇರಿ ‘ಕಾಲ್ಡರ್’, ಹಲ್ ಊರಿನ ಎರಡು ಕ್ಲಬ್ ಸೇರಿ ‘ಹಂಬರ್‌ಸೈಡ್’, ವಾರಿಂಗ್ಟನ್ ಮತ್ತು ವಿಡ್ನೆಸ್ ಸೇರಿ ‘ಚೆಶೈರ್’.

ಕಾಗದದ ಮೇಲೆ ಇದು ಚೆಂದ. ಆದರೆ ಫೆದರ್‌ಸ್ಟೋನ್ ಎನ್ನುವುದು ಹತ್ತು ಹದಿನೈದು ಸಾವಿರ ಜನರ ಗಣಿ ಊರು. ಗಣಿಗಳು ಮುಚ್ಚಿಹೋದ ಮೇಲೆ ಆ ಊರಿಗೆ ಹೆಸರು ಅಂತ ಉಳಿದಿದ್ದು ಕ್ಲಬ್ ಒಂದೇ. ಪಕ್ಕದ ಕ್ಯಾಸಲ್‌ಫರ್ಡ್ ಅಂದರೆ ತಲೆಮಾರುಗಳಿಂದ ಸೋಲಿಸಬೇಕಾದ ಊರು. ಅದರ ಜೊತೆ ಒಂದಾಗಿ, ನದಿಯ ಹೆಸರಿಟ್ಟುಕೊಂಡು ಆಡಿ ಎಂದರೆ? ಜನ ಬೀದಿಗಿಳಿದರು, ಮೈದಾನಕ್ಕೆ ಇಳಿದರು, ಪಾರ್ಲಿಮೆಂಟಿನಲ್ಲೂ ಮಾತೆದ್ದಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ವಿಲೀನದ ಮಾತು ಕೈಬಿಟ್ಟರು, ಕೆಳಗಿನ ದರ್ಜೆಯವರ ಬಾಯಿ ಮುಚ್ಚಿಸಲು ಮೊತ್ತಕ್ಕೆ ಇನ್ನಷ್ಟು ಸೇರಿಸಿ 8.7 ಕೋಟಿ ಮಾಡಿದರು. ಈ ಏರಿಕೆಯನ್ನು ಸ್ವಲ್ಪ ಗಮನಿಸಿ. ಮೂರೇ ವಾರದಲ್ಲಿ, ಒಂದೇ ಒಂದು ಪಂದ್ಯ ಹೆಚ್ಚು ಸಿಗದೆಯೂ, ಕೊಳ್ಳುವವನು ತಾನಾಗಿ ಬೆಲೆ ಏರಿಸಿದ. ಅವನಿಗೆ ಬೇಕಾಗಿದ್ದು ಪಂದ್ಯಗಳಿಗಿಂತ ಜಾಸ್ತಿ ಇಂಗ್ಲೆಂಡಿನ ಸಹಿ.

ಈ ಆತುರದಲ್ಲಿ ತುಳಿತಕ್ಕೆ ಸಿಕ್ಕವರೂ ಇದ್ದಾರೆ. ಕೀಲೀ ಎನ್ನುವ ಸಣ್ಣ ಊರಿನ ಕ್ಲಬ್ ಆ ವರ್ಷ ಎರಡನೇ ದರ್ಜೆ ಗೆದ್ದಿತ್ತು. ನಿಯಮದ ಪ್ರಕಾರ ಮೇಲಿನ ದರ್ಜೆಗೆ ಹೋಗಬೇಕಿತ್ತು. ಹೊಸ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಗೆದ್ದವರನ್ನು ಹೊರಗಿಟ್ಟು, ಇನ್ನೂ ಹುಟ್ಟಿರದ ಪ್ಯಾರಿಸ್ ತಂಡಕ್ಕೆ ಜಾಗ ಕೊಟ್ಟರು. ಇದನ್ನು ಓದುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

1996ರ ಮಾರ್ಚ್ 29ರ ರಾತ್ರಿ ಪ್ಯಾರಿಸ್ಸಿನ ಶಾರ್ಲೆಟಿ ಕ್ರೀಡಾಂಗಣದಲ್ಲಿ ಈ ಹೊಸ ಮೇಲಿನ ದರ್ಜೆಯ, ಅಂದರೆ ‘ಸೂಪರ್ ಲೀಗ್’ನ, ಮೊದಲ ಪಂದ್ಯ. ಪ್ಯಾರಿಸ್ ಸೇಂಟ್ ಜರ್ಮೇನ್ ವಿರುದ್ಧ ಶೆಫೀಲ್ಡ್ ಈಗಲ್ಸ್. ಹದಿನೇಳು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು, ಫ್ರೆಡೆರಿಕ್ ಬಾಂಕೆ ಮೊದಲ ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿ ಅಂಕ ಪಡೆಯುವುದು) ಹೊಡೆದರು, ಪ್ಯಾರಿಸ್ 30-24ರಿಂದ ಗೆದ್ದಿತು. ಟೀವಿಯಲ್ಲಿ ನೋಡಿದವರಿಗೆ ಹೊಸ ಲೋಕವೇ ತೆರೆದಂತಿತ್ತು. ಎರಡು ಸೀಸನ್ ಕಳೆಯುವಷ್ಟರಲ್ಲಿ ಆ ತಂಡವೇ ಇರಲಿಲ್ಲ.

ರಾಜಿ ಆಯಿತು, ದುಡ್ಡು ಇಳಿಯಿತು

ಆಸ್ಟ್ರೇಲಿಯಾದಲ್ಲಿ 1997ರಲ್ಲಿ ಎರಡು ಲೀಗ್ ಒಟ್ಟೊಟ್ಟಿಗೆ ನಡೆದವು. ಎಆರ್‌ಎಲ್‌ನ 12 ತಂಡ ಒಂದು ಕಡೆ, ಮುರ್ಡೋಕ್ ಅವರ 10 ತಂಡ ಇನ್ನೊಂದು ಕಡೆ. ಜನ ಬೇಸತ್ತರು, ಇಬ್ಬರೂ ಕೈ ಸುಟ್ಟುಕೊಂಡರು. ಆ ವರ್ಷದ ಡಿಸೆಂಬರಿನಲ್ಲಿ ರಾಜಿ ಆಗಿ, 1998ರಿಂದ ಎನ್‌ಆರ್‌ಎಲ್ ಎಂಬ ಒಂದೇ ಲೀಗ್ ಬಂತು. ಅದರಲ್ಲಿ ನ್ಯೂಸ್ ಕಂಪನಿಗೆ ಅರ್ಧ ಪಾಲು.

ಆ ರಾಜಿಯ ಮೇಜಿನಲ್ಲಿ ಇಂಗ್ಲೆಂಡಿನವರಿಗೆ ಕುರ್ಚಿ ಇರಲಿಲ್ಲ. ಆದರೆ ಅದರ ಹೊಡೆತ ಬಿದ್ದದ್ದು ಅವರಿಗೂ. ಎದುರಾಳಿಯನ್ನು ಒಂಟಿ ಮಾಡುವ ಅಗತ್ಯ ಮುಗಿದ ಮೇಲೆ ಇಂಗ್ಲೆಂಡಿನ ಸಹಿಗೆ ಹೆಚ್ಚುವರಿ ಬೆಲೆ ಯಾಕೆ ಕೊಡಬೇಕು? ಮುಂದಿನ ಕರಾರು ಮೊದಲಿನದ್ದಕ್ಕಿಂತ ಬಹಳ ಸಣ್ಣದಾಗಿ ಬಂತು. ಸ್ಕೈ ಬಿಟ್ಟರೆ ಅಷ್ಟು ದುಡ್ಡು ಕೊಡುವ ಚಂದಾ ಟೀವಿ ಇಂಗ್ಲೆಂಡಿನಲ್ಲಿ ಬೇರೆ ಇರಲೂ ಇಲ್ಲ. ಐದು ವರ್ಷದ ದೊಡ್ಡ ಮೊತ್ತ ನೋಡಿ ಆಟಗಾರರಿಗೆ ಪೂರ್ಣಾವಧಿ ಸಂಬಳ ಕೊಡಲು ಶುರುಮಾಡಿದ್ದ ಕ್ಲಬ್‌ಗಳು ಸಂಬಳ ಇಳಿಸಲು ಆಗದೆ ಒದ್ದಾಡಿದವು. ಇಲ್ಲಿ ನಾನು ಕ್ಲಬ್‌ಗಳನ್ನೂ ದೂರುತ್ತೇನೆ. ಜಗಳದ ಕಾಲದ ದುಡ್ಡನ್ನು ಕಾಯಂ ಆದಾಯ ಎಂದು ನಂಬಿ ಖರ್ಚು ಮಾಡಿದ್ದು ಅವರ ತಪ್ಪೇ.

ಟೀವಿಯಿಂದ ಒಳ್ಳೆಯದೇನೂ ಆಗಲಿಲ್ಲ ಅಂತಲ್ಲ. ಒಣಗಿದ ಮೈದಾನದಲ್ಲಿ ಆಟದ ವೇಗ ಏರಿತು. ವಿಡಿಯೋ ರೆಫರಿ ಬಂದರು. 1998ರಿಂದ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್‌ನಲ್ಲಿ ಗ್ರ್ಯಾಂಡ್ ಫೈನಲ್ ನಡೆಯತೊಡಗಿತು, ಅದು ಇವತ್ತು ಉತ್ತರ ಇಂಗ್ಲೆಂಡಿನ ದೊಡ್ಡ ಹಬ್ಬ. ಎಡ್ಡಿ ಹೆಮ್ಮಿಂಗ್ಸ್ ಮತ್ತು ಮೈಕ್ ಸ್ಟೀಫನ್‌ಸನ್ ಎಂಬ ಇಬ್ಬರು ಕಾಮೆಂಟೇಟರ್‌ಗಳ ದನಿ ಕಾಲು ಶತಮಾನ ಕಾಲ ಆಟದ ದನಿಯೇ ಆಗಿಹೋಗಿತ್ತು.

ಆದರೆ ಟೀವಿ ಕೊಳ್ಳುವುದು ಬರೀ ಚಿತ್ರವನ್ನಲ್ಲ, ಗಡಿಯಾರವನ್ನೂ ಕೊಳ್ಳುತ್ತದೆ. ಫುಟ್ಬಾಲ್ ಇಲ್ಲದ ರಾತ್ರಿಗೆ ಏನಾದರೂ ಬೇಕು ಎಂದು ಸ್ಕೈ ಕೆಲವು ಪಂದ್ಯಗಳನ್ನು ಗುರುವಾರ ರಾತ್ರಿ ಎಂಟಕ್ಕೆ ಇಟ್ಟಿತು. ಹಲ್ ಊರಿನ ಅಭಿಮಾನಿ ಸೇಂಟ್ ಹೆಲೆನ್ಸ್‌ಗೆ ಹೋಗಬೇಕಾದರೆ ನೂರು ಮೈಲಿಗೂ ಜಾಸ್ತಿ. ಗುರುವಾರ ಕೆಲಸದಿಂದ ಬೇಗ ಹೊರಟು, ಎಂ62ರ ಸಂಜೆ ಟ್ರಾಫಿಕ್‌ನಲ್ಲಿ ತೆವಳಿ, ಪಂದ್ಯ ನೋಡಿ, ರಾತ್ರಿ ಒಂದರ ಹೊತ್ತಿಗೆ ಮನೆ ಸೇರಿ, ಮರುದಿನ ಮತ್ತೆ ಕೆಲಸಕ್ಕೆ. ಶಾಲೆಗೆ ಹೋಗುವ ಮಕ್ಕಳಿದ್ದವರು ಬರುವುದೇ ಇಲ್ಲ. ಆ ಖಾಲಿ ಸ್ಟ್ಯಾಂಡು ಟೀವಿಯಲ್ಲಿ ಕಾಣುತ್ತದೆ, ನೋಡಿದವರು ಈ ಆಟಕ್ಕೆ ಜನರಿಲ್ಲ ಅನ್ನುತ್ತಾರೆ, ಆ ಮಾತೇ ಮುಂದಿನ ಕರಾರಿನ ಚೌಕಾಸಿಗೆ ಬಳಕೆಯಾಗುತ್ತದೆ. ಟಿಕೆಟ್ಟಿನಲ್ಲಿ ಕಳೆದುಕೊಂಡದ್ದನ್ನೂ ಹಕ್ಕಿನ ಬೆಲೆಯಿಂದ ಕಳೆದು ನೋಡಬೇಕು. ಪತ್ರಿಕೆಯಲ್ಲಿ ಬರುವ ದೊಡ್ಡ ಅಂಕಿಯಲ್ಲಿ ಈ ಕಳೆತ ಯಾವತ್ತೂ ಇರುವುದಿಲ್ಲ.

ಎರಡನೇ ಜಗಳ

2012ರಿಂದ 2016ರವರೆಗಿನ ಸ್ಕೈ ಕರಾರು ಸುಮಾರು 9 ಕೋಟಿ ಪೌಂಡಿನದ್ದು. 2014ರ ಆರಂಭದಲ್ಲಿ, ಹಳೆಯದು ಮುಗಿಯಲು ಇನ್ನೂ ಎರಡು ವರ್ಷಕ್ಕೂ ಹೆಚ್ಚು ಇರುವಾಗಲೇ, ಸ್ಕೈ ಮುಂದಿನ ಕರಾರು ಮುಗಿಸಿತು: 2017ರಿಂದ 2021ರವರೆಗೆ, ಸುಮಾರು 20 ಕೋಟಿ. ದುಪ್ಪಟ್ಟಿಗೂ ಜಾಸ್ತಿ. ಆಟದಲ್ಲಿ ಅಷ್ಟರಲ್ಲಿ ಏನು ಬದಲಾಗಿತ್ತು? ಏನೂ ಇಲ್ಲ. ಬದಲಿಗೆ ಹಿಂದೊಮ್ಮೆ ಲೋಕವನ್ನೇ ಗೆದ್ದ ಬ್ರ್ಯಾಡ್‌ಫರ್ಡ್ ಬುಲ್ಸ್ ಕ್ಲಬ್ 2012ರಲ್ಲಿ ಒಮ್ಮೆ, 2014ರಲ್ಲಿ ಇನ್ನೊಮ್ಮೆ ದಿವಾಳಿ ಅಂಚಿಗೆ ಹೋಗಿತ್ತು.

ಬದಲಾಗಿದ್ದು ಹೊರಗಿನ ಲೋಕ. 2013ರ ಆಗಸ್ಟಿನಲ್ಲಿ ಟೆಲಿಫೋನ್ ಕಂಪನಿ ಬಿಟಿ ತನ್ನ ಕ್ರೀಡಾ ಚಾನೆಲ್ ತೆರೆಯಿತು. ಇಂಗ್ಲೆಂಡಿನ ರಗ್ಬಿ ಯೂನಿಯನ್ ಲೀಗನ್ನು ಅಷ್ಟರಲ್ಲೇ ಸ್ಕೈಯಿಂದ ಕಿತ್ತುಕೊಂಡಿತ್ತು. ನವೆಂಬರಿನಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಫುಟ್ಬಾಲ್ ಹಕ್ಕನ್ನು ಮೂರು ಸೀಸನ್ನಿಗೆ 89.7 ಕೋಟಿ ಪೌಂಡ್ ಕೊಟ್ಟು ಎತ್ತಿಕೊಂಡಿತು. ಸ್ಕೈ ಕಚೇರಿಯಲ್ಲಿ ಆ ವಾರ ಏನು ನಡೆದಿರಬಹುದು ಊಹಿಸಿ. ಅದಾಗಿ ಮೂರು ತಿಂಗಳೊಳಗೆ ರಗ್ಬಿ ಲೀಗಿನ 20 ಕೋಟಿ ಕರಾರು. ಇವೆರಡನ್ನೂ ಜೋಡಿಸುವುದು ನನ್ನ ಊಹೆ ನಿಜ, ಆದರೆ ತಾರೀಕುಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆ ವಿವರಣೆ ನನಗಂತೂ ಹೊಳೆಯುವುದಿಲ್ಲ. ಬೇಸಿಗೆಯಲ್ಲಿ ಫುಟ್ಬಾಲ್ ಇಲ್ಲದಾಗ ಚಂದಾದಾರರನ್ನು ಹಿಡಿದಿಡುವ ಆಟವೂ ಬಿಟಿ ಪಾಲಾದರೆ ಗತಿಯೇನು ಎಂಬ ಭಯ ಆ ಬೆಲೆಯಲ್ಲಿ ಸೇರಿತ್ತು. ಇಬ್ಬರ ಜಗಳ ಮೂರನೆಯವನಿಗೆ ಲಾಭ.

ಮತ್ತೆ ಅದೇ ಕಥೆ. 2017ರ ಡಿಸೆಂಬರಿನಲ್ಲಿ ಸ್ಕೈ ಮತ್ತು ಬಿಟಿ ರಾಜಿ ಮಾಡಿಕೊಂಡು ಒಬ್ಬರ ಚಾನೆಲನ್ನು ಇನ್ನೊಬ್ಬರ ಗ್ರಾಹಕರಿಗೆ ಮಾರಲು ಒಪ್ಪಿದವು. ಎರಡು ತಿಂಗಳಾದ ಮೇಲೆ ಪ್ರೀಮಿಯರ್ ಲೀಗ್ ಫುಟ್ಬಾಲಿನ ಹರಾಜಿನಲ್ಲೇ ಸ್ಕೈ ಮೊದಲಿಗಿಂತ ಕಡಿಮೆ ಕೊಟ್ಟಿತು. ಲೋಕದ ಅತಿ ಬೇಡಿಕೆಯ ಆಟಕ್ಕೇ ಆ ಗತಿಯಾದರೆ ಎಂ62 ಪಟ್ಟಿಯ ಆಟಕ್ಕೆ ಏನಾಗುತ್ತದೆ ಎಂದು ಆಗಲೇ ಗೊತ್ತಾಗಬೇಕಿತ್ತು. 2018ರಲ್ಲಿ ಅಮೆರಿಕದ ಕಾಮ್‌ಕಾಸ್ಟ್ ಸ್ಕೈಯನ್ನು ಕೊಂಡಿತು. ಮುರ್ಡೋಕ್ ಕಾಲದ ಹಳೇ ನಂಟು ಅಲ್ಲಿಗೆ ಮುಗಿಯಿತು.

ಅದೇ 2018ರಲ್ಲಿ ಸೂಪರ್ ಲೀಗ್ ಕ್ಲಬ್‌ಗಳು ಮಾತೃಸಂಸ್ಥೆಯಿಂದ ಬೇರೆಯಾಗಿ, ಎವರ್ಟನ್ ಫುಟ್ಬಾಲ್ ಕ್ಲಬ್ ನಡೆಸಿದ್ದ ರಾಬರ್ಟ್ ಎಲ್‌ಸ್ಟೋನ್ ಅವರನ್ನು ಕರೆತಂದವು. ಹಕ್ಕುಗಳನ್ನು ತಾವೇ ಮಾರಿದರೆ ಹೆಚ್ಚು ಬರುತ್ತದೆ ಎಂಬ ಲೆಕ್ಕ. ಆದರೆ ಮಾರುವವರು ಎರಡು ಗುಂಪಾದರು, ಕೊಳ್ಳುವವನು ಒಬ್ಬನೇ ಉಳಿದ. ಇದಕ್ಕಿಂತ ಕೆಟ್ಟ ಚೌಕಾಸಿ ಜಾಗ ಇನ್ನೊಂದಿಲ್ಲ. ಆಮೇಲೆ 2020 ಬಂತು: ಕೋವಿಡ್‌ಗೆ ಪಂದ್ಯಗಳು ನಿಂತವು, ಸರ್ಕಾರ 1.6 ಕೋಟಿ ಪೌಂಡ್ ತುರ್ತು ಸಾಲ ಕೊಟ್ಟು ಆಟವನ್ನು ಉಳಿಸಿತು, ಕೆನಡಾದ ಟೊರಾಂಟೊ ತಂಡ ಸೀಸನ್ ನಡುವೆಯೇ ಹೊರಬಿತ್ತು. ಖಾಸಗಿ ಹೂಡಿಕೆದಾರರಿಗೆ ಒಂದು ಪಾಲು ಮಾರೋಣ ಎಂಬ ಎಲ್‌ಸ್ಟೋನ್ ಪ್ರಸ್ತಾಪವನ್ನು ಕ್ಲಬ್‌ಗಳು ತಿರಸ್ಕರಿಸಿದವು. 2021ರಲ್ಲಿ ಅವರು ಹೊರಟುಹೋದರು. ಆ ವರ್ಷವೇ ಹೊಸ ಕರಾರು ಬಂತು. ಎರಡೇ ವರ್ಷಕ್ಕೆ. ವರ್ಷಕ್ಕೆ 4 ಕೋಟಿ ಇದ್ದದ್ದು ಸುಮಾರು 2.5 ಕೋಟಿಗೆ ಇಳಿಯಿತೆಂದು ಪತ್ರಿಕೆಗಳು ಬರೆದವು. ಒಂದೊಂದು ಕ್ಲಬ್ಬಿನ ಆಟಗಾರರ ಸಂಬಳದ ಮಿತಿಯೇ ಸುಮಾರು 21 ಲಕ್ಷ ಪೌಂಡ್ ಇರುವ ಲೀಗಿನಲ್ಲಿ, ಹನ್ನೆರಡು ಕ್ಲಬ್ಬಿನ ನಡುವೆ ವರ್ಷಕ್ಕೆ ಒಂದೂವರೆ ಕೋಟಿ ಕಡಿಮೆಯಾಗುವುದು ಅಂದರೆ ಏನು ಎಂದು ನೀವೇ ಭಾಗಾಕಾರ ಮಾಡಿ ನೋಡಿ. ಕ್ಲಬ್ಬಿಗೆ ಒಂದು ಲಕ್ಷಕ್ಕೂ ಮೇಲೆ, ಪ್ರತಿ ತಿಂಗಳು.

ಆಸ್ಟ್ರೇಲಿಯಾದವರು ಬೇರೆ ದಾರಿ ಹಿಡಿದದ್ದು

ಅದೇ ಆಟ, ಅದೇ 1995ರ ಜಗಳದಿಂದ ಎದ್ದುಬಂದದ್ದು, ಆದರೆ ಆಸ್ಟ್ರೇಲಿಯಾದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಇದು ಸಿಡ್ನಿ, ಬ್ರಿಸ್ಬೇನ್‌ನಂಥ ದೊಡ್ಡ ನಗರಗಳ ಆಟ, ಹಾಗಾಗಿ ಮೊತ್ತ ದೊಡ್ಡದಿರುವುದು ಸಹಜ. ನನಗೆ ಮುಖ್ಯ ಅನ್ನಿಸುವುದು ಮೊತ್ತವಲ್ಲ, ಮೊತ್ತ ಏರಿದ ಹೊತ್ತು.

2007ರಿಂದ 2012ರವರೆಗೆ ಎನ್‌ಆರ್‌ಎಲ್‌ಗೆ ಸಿಕ್ಕದ್ದು ಆರು ವರ್ಷಕ್ಕೆ ಸುಮಾರು 50 ಕೋಟಿ ಆಸ್ಟ್ರೇಲಿಯನ್ ಡಾಲರ್. ಎದುರಾಳಿ ಆಟವಾದ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲಿಗೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಐದೇ ವರ್ಷಕ್ಕೆ 78 ಕೋಟಿ. ಯಾಕೆ ಈ ಅಂತರ? ರಾಜಿಯಲ್ಲಿ ನ್ಯೂಸ್ ಕಂಪನಿಗೆ ಎನ್‌ಆರ್‌ಎಲ್‌ನ ಅರ್ಧ ಪಾಲು ಸಿಕ್ಕಿತ್ತು ಅಂದೆನಲ್ಲ, ಅದೇ ಕಂಪನಿ ಪಂದ್ಯಗಳನ್ನು ಕೊಳ್ಳುವ ಫಾಕ್ಸ್ ಸ್ಪೋರ್ಟ್ಸ್‌ನಲ್ಲೂ ಪಾಲುದಾರ. ಮಾರುವವನೂ ಕೊಳ್ಳುವವನೂ ಒಂದೇ ಮನೆಯವರಾದರೆ ಬೆಲೆ ಏರುವುದು ಹೇಗೆ? 2012ರ ಫೆಬ್ರವರಿಯಲ್ಲಿ ನ್ಯೂಸ್ ಹೊರಬಂದು, ಆಟ ನಡೆಸಲು ಸ್ವತಂತ್ರ ಆಯೋಗ ಬಂತು. ಆಗಸ್ಟಿನಲ್ಲೇ ಚಾನೆಲ್ ನೈನ್ ಮತ್ತು ಫಾಕ್ಸ್ ಸ್ಪೋರ್ಟ್ಸ್ ಜೊತೆ ಹೊಸ ಕರಾರು: ಐದು ವರ್ಷಕ್ಕೆ 102.5 ಕೋಟಿ. ಆರು ತಿಂಗಳಲ್ಲಿ ಆಟ ಎರಡು ಪಟ್ಟು ಚೆಂದವಾಗಲಿಲ್ಲ. ಮಾರುವ ಕಡೆ ಕೂತವರು ಬದಲಾದರು, ಅಷ್ಟೇ.

2015ರಲ್ಲಿ ಇನ್ನೂ ಒಂದು ಸ್ವಾರಸ್ಯ ನಡೆಯಿತು. ಎನ್‌ಆರ್‌ಎಲ್ ಮುಖ್ಯಸ್ಥ ಡೇವ್ ಸ್ಮಿತ್ ಆಗಸ್ಟ್ 10ರಂದು ಫಾಕ್ಸ್ ಜೊತೆ ಮಾತು ಮುಗಿಸುವ ಮೊದಲೇ ಚಾನೆಲ್ ನೈನ್‌ಗೆ 92.5 ಕೋಟಿಗೆ ಉಚಿತ ಟೀವಿಯ ಹಕ್ಕು ಮಾರಿಬಿಟ್ಟರು. ಶನಿವಾರ ರಾತ್ರಿಯ ಪಂದ್ಯವೂ ಅದರಲ್ಲಿ ಹೋಯಿತು, ಅದು ಚಂದಾ ಟೀವಿಗೆ ಬೇಕಾದ ಪಂದ್ಯ. ಮುರ್ಡೋಕ್ ಕಡೆಯವರಿಗೆ ಕೋಪ ಬಂತು. ಎಂಟೇ ದಿನಕ್ಕೆ ಎದುರಾಳಿ ಫುಟ್ಬಾಲಿನ 250 ಕೋಟಿ ಡಾಲರ್ ಕರಾರು ಪ್ರಕಟವಾಯಿತು, ಆ ಪತ್ರಿಕಾಗೋಷ್ಠಿಗೆ ಮುರ್ಡೋಕ್ ತಾವೇ ಬಂದು ಕೂತರು. ಅಕ್ಟೋಬರಿನಲ್ಲಿ ಸ್ಮಿತ್ ರಾಜೀನಾಮೆ ಕೊಟ್ಟರು. ನವೆಂಬರಿನಲ್ಲಿ ನೈನ್ ಶನಿವಾರದ ಪಂದ್ಯ ವಾಪಸು ಬಿಟ್ಟುಕೊಟ್ಟು, ಫಾಕ್ಸ್ ಒಳಗೆ ಬಂದು, ಒಟ್ಟು 180 ಕೋಟಿಗೆ ಲೆಕ್ಕ ಮುಗಿಯಿತು. ದಾರಿ ಒರಟಾಗಿತ್ತು. ಆದರೂ ನನ್ನ ಮಟ್ಟಿಗೆ ಸ್ಮಿತ್ ಮಾಡಿದ್ದರಲ್ಲಿ ಒಂದು ಸರಿ ಇತ್ತು: ಇಬ್ಬರು ಕೊಳ್ಳುವವರು ಒಟ್ಟಿಗೆ ಕೂತು ಹಂಚಿಕೊಳ್ಳಲು ಬಿಡದೆ, ಒಬ್ಬರಿಗೆ ಮೊದಲು ಮಾರಿ ಇನ್ನೊಬ್ಬರಿಗೆ ಕಳೆದುಕೊಳ್ಳುವ ಭಯ ಹುಟ್ಟಿಸಿದ್ದು.

2020ರಲ್ಲಿ ಅಲ್ಲೂ ಕೋವಿಡ್ ಬಂತು. ಪಂದ್ಯಗಳು ಮಾರ್ಚಿನಲ್ಲಿ ನಿಂತವು, ಚಾನೆಲ್ ನೈನ್ ಎನ್‌ಆರ್‌ಎಲ್‌ನ ಖರ್ಚಿನ ರೀತಿಯನ್ನು ಬಹಿರಂಗವಾಗಿಯೇ ಟೀಕಿಸಿತು. ಅಧ್ಯಕ್ಷ ಪೀಟರ್ ವಿಲಾಂಡಿಸ್ ಹಟ ಹಿಡಿದು ಮೇ 28ಕ್ಕೆ ಆಟ ಮತ್ತೆ ಶುರುಮಾಡಿದರು. ಜಗತ್ತಿನ ಬಹುಪಾಲು ಲೀಗ್ ಮನೆಯಲ್ಲೇ ಕೂತಿದ್ದ ಹೊತ್ತು ಅದು. ಹಳೇ ಮೊತ್ತ ಸ್ವಲ್ಪ ಬಿಟ್ಟುಕೊಟ್ಟರು, ಬದಲಿಗೆ ಫಾಕ್ಸ್‌ಟೆಲ್ ಜೊತೆಗಿನ ಕರಾರನ್ನು 2027ರವರೆಗೆ ಬೆಳೆಸಿಕೊಂಡರು. ಇಂಗ್ಲೆಂಡಿನ ಸೂಪರ್ ಲೀಗ್ ಮತ್ತೆ ಶುರುವಾಗಿದ್ದು ಆಗಸ್ಟ್ 2ಕ್ಕೆ. ಆಮೇಲೆ ಅವರು ಮಾತಿಗೆ ಕೂತಾಗ ಕೈಯಲ್ಲಿ ಹಿಡಿದು ತೋರಿಸಲು ಏನೂ ಇರಲಿಲ್ಲ.

ಇದು ದೂರದ ಆಟದ ಸಮಾಚಾರ, ನಮಗೇನು ಅನ್ನಬೇಡಿ. 2022ರ ಜೂನ್‌ನಲ್ಲಿ ಐಪಿಎಲ್‌ನ ಐದು ವರ್ಷದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತಲ್ಲ, ಆಗ ಟೀವಿ ಹಕ್ಕು ಸ್ಟಾರ್ ಪಾಲಾಯಿತು, ಮೊಬೈಲ್ ಹಕ್ಕು ವಯಾಕಾಮ್18 ಪಾಲಾಯಿತು. ಇಬ್ಬರು ಹೊಡೆದಾಡಿದ್ದಕ್ಕೆ ಆ ಬೆಲೆ. 2024ರ ನವೆಂಬರಿನಲ್ಲಿ ಆ ಇಬ್ಬರೂ ಒಂದೇ ಕಂಪನಿ ಆದರು. 2028ರ ಐಪಿಎಲ್ ಹಕ್ಕು ಮಾರಾಟಕ್ಕೆ ಬಂದಾಗ ಬೆಂಗಳೂರು ತಂಡ ಎಷ್ಟು ಚೆನ್ನಾಗಿ ಆಡುತ್ತಿದೆ ಎಂಬುದಕ್ಕಿಂತ ಹರಾಜಿಗೆ ಎಷ್ಟು ಜನ ಬಂದಿದ್ದಾರೆ ಎಂದು ನಾನು ಮೊದಲು ನೋಡುತ್ತೇನೆ.

ಈಗ ಎಲ್ಲಿದೆ

ಮತ್ತೆ ಇಂಗ್ಲೆಂಡಿಗೆ ಬರೋಣ. 2022ರಿಂದ ಐಎಂಜಿ ಎಂಬ ದೊಡ್ಡ ಕ್ರೀಡಾ ವ್ಯವಹಾರದ ಕಂಪನಿ 12 ವರ್ಷದ ಒಪ್ಪಂದದ ಮೇಲೆ ಆಟಕ್ಕೆ ಸಲಹೆ ಕೊಡುತ್ತಿದೆ. ಚಾನೆಲ್ ಫೋರ್ 2022 ಮತ್ತು 2023ರಲ್ಲಿ ವರ್ಷಕ್ಕೆ 10 ಪಂದ್ಯ ಉಚಿತವಾಗಿ ತೋರಿಸಿತು, 2024ರಿಂದ ಬಿಬಿಸಿ 15 ಪಂದ್ಯ ತೋರಿಸುತ್ತಿದೆ. ಲೀಗಿನದ್ದೇ ಸೂಪರ್ ಲೀಗ್ ಪ್ಲಸ್ ಎಂಬ ಸ್ಟ್ರೀಮಿಂಗ್ ಸೇವೆ ಅದೇ ವರ್ಷ ಶುರುವಾಯಿತು. ಮೊತ್ತ ಇಳಿದರೂ ಈ ಮೂರೂ ನನಗೆ ಇಷ್ಟವಾದ ಹೆಜ್ಜೆಗಳು. ಚಂದಾ ಕಟ್ಟದ ಮನೆಯ ಹುಡುಗನೂ ಶನಿವಾರ ಮಧ್ಯಾಹ್ನ ಸುಮ್ನೆ ಟೀವಿ ಹಾಕಿ ಪಂದ್ಯ ನೋಡುವ ಹಾಗಾಯಿತು. ಇಪ್ಪತ್ತೈದು ವರ್ಷ ಲೀಗ್ ಪಂದ್ಯಗಳನ್ನು ಚಂದಾ ಗೋಡೆಯ ಹಿಂದಿಟ್ಟು ಒಂದಿಡೀ ತಲೆಮಾರಿನ ಹೊಸ ಪ್ರೇಕ್ಷಕರನ್ನು ಕಳೆದುಕೊಂಡದ್ದು, ಪ್ರತಿ ವರ್ಷದ ಚೆಕ್‌ಗಿಂತ ದುಬಾರಿ ನಷ್ಟ ಎಂದು ನನ್ನ ಅಭಿಪ್ರಾಯ. ಸ್ವಂತ ಸ್ಟ್ರೀಮಿಂಗ್ ಕೂಡ ಹಾಗೇ: ಇವತ್ತು ಅದರಿಂದ ಬರುವುದು ಸಣ್ಣ ಮೊತ್ತವೇ ಇರಬಹುದು, ಆದರೆ ನೀವು ಕೊಡದಿದ್ದರೆ ನಾವೇ ತೋರಿಸುತ್ತೇವೆ ಎಂದು ಹೇಳಲು ಮೊದಲ ಸಲ ಒಂದು ದಾರಿ ಸಿಕ್ಕಿದೆ.

ಈಗಿನ ಸ್ಕೈ ಕರಾರು 2026ರ ಸೀಸನ್ನಿನವರೆಗೆ. ಎನ್‌ಆರ್‌ಎಲ್ 2024ರಿಂದ ಅಮೆರಿಕದ ಲಾಸ್ ವೇಗಸ್‌ನಲ್ಲಿ ಸೀಸನ್ ಶುರುಮಾಡುತ್ತಿದೆ, 2025ರಲ್ಲಿ ವಿಗನ್ ಮತ್ತು ವಾರಿಂಗ್ಟನ್ ಕೂಡ ಅಲ್ಲಿಗೆ ಹೋಗಿ ಆಡಿದವು. ಸೂಪರ್ ಲೀಗಿನಲ್ಲಿ ಎನ್‌ಆರ್‌ಎಲ್ ಪಾಲು ಕೊಳ್ಳಬಹುದು ಎಂಬ ಮಾತೂ ಅಲ್ಲಿನ ಪತ್ರಿಕೆಗಳಲ್ಲಿ ಜೋರಾಗಿ ನಡೆದಿದೆ. ಹಾಗೇನಾದರೂ ಆದರೆ ಎರಡೂ ಲೀಗಿನ ಹಕ್ಕನ್ನು ಒಟ್ಟಿಗೆ ಮಾರುವವರು ಮೊದಲ ಸಲ ಆಟದ ಒಳಗಿನವರೇ ಆಗಿರುತ್ತಾರೆ. ಪಾಲಿನ ಮೊತ್ತ ಎಷ್ಟು ಎಂಬುದರ ಜೊತೆಗೆ, ಪಂದ್ಯದ ದಿನ ಮತ್ತು ಹೊತ್ತನ್ನು ಯಾರು ಗೊತ್ತುಮಾಡುತ್ತಾರೆ, ಉಚಿತ ಟೀವಿಗೆ ಎಷ್ಟು ಪಂದ್ಯ ಬಿಡುತ್ತಾರೆ ಎಂಬ ಎರಡು ಸಾಲುಗಳನ್ನು ಕ್ಲಬ್‌ಗಳು ಸಹಿ ಮಾಡುವ ಮೊದಲು ಓದಿಕೊಳ್ಳಬೇಕು. 1995ರಲ್ಲಿ ಅವಕ್ಕೆ ಓದಲು ಸಿಕ್ಕಿದ್ದು ಹತ್ತು ದಿನ ಕೂಡ ಅಲ್ಲ.